ಟೋಕನ್ ಬದಲಾದರೆ ರೇಷನ್ ಹೆಚ್ಚಾಗದು

ಹಾಸ್ಟೆಲ್, ಪಿಜಿಗಳಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ದಾಟಿಬರುವ ತಿಳಿವಳಿಕೆಯಲ್ಲಿ ಎರಡು ಬಗೆ. ಯಾವ ಮೆಸ್‌ನಲ್ಲಿ ಯಾವ ದಿನ ಊಟ ಮಾಡಬಾರದು ಎಂಬುದು ಮೊದಲನೆಯದು. ಇದು ಹೆಚ್ಚುಕಡಿಮೆ ನಿಜವೇ ಆಗಿರುತ್ತದೆ. ಎರಡನೆಯದು ವೈಫೈ ಕುರಿತದ್ದು. ಇದರಲ್ಲಿ ಸುಳ್ಳೇ ಹೆಚ್ಚು. ‘ನೆಟ್ ಸ್ಲೋ ಆಯ್ತಾ? ರೌಟರ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡು. ಐಪಿ ಚೇಂಜ್ ಆಗುತ್ತೆ, ಡೇಟಾ ಲಿಮಿಟ್ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ’ ಎಂಬ ಸಲಹೆಯನ್ನು ಕೇಳದ ವಿದ್ಯಾರ್ಥಿ ಇರಲಿಕ್ಕಿಲ್ಲ.

ನಾನು ಬಿಇ ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠ ಶುರುವಾದ ಮೇಲೆ ನಮ್ಮ ರೂಮಿನ ನಾಲ್ವರೂ ಸೇರಿ ಈ ಮಾತನ್ನು ಪರೀಕ್ಷೆಗೆ ಒಡ್ಡಿದೆವು. ಕನೆಕ್ಷನ್ ಕೊಟ್ಟ ಸಂಸ್ಥೆಯ ಆ್ಯಪ್‌ನಲ್ಲಿ ಆ ತಿಂಗಳ ಬಳಕೆ 612 ಜಿಬಿ ಎಂದಿತ್ತು. ರೌಟರ್‌ನ ಐಪಿ ವಿಳಾಸ ಬರೆದಿಟ್ಟುಕೊಂಡು, ಆಫ್ ಮಾಡಿ, ಟೀ ಕುಡಿದು ಬಂದು ಆನ್ ಮಾಡಿದೆವು. ವಿಳಾಸವೇನೋ ಬದಲಾಗಿತ್ತು. ಆ್ಯಪ್ ಮಾತ್ರ 612 ಜಿಬಿಯಿಂದ ಅಲುಗಾಡಲಿಲ್ಲ. ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಮಾಡಿದರೂ ಅಷ್ಟೇ.

ಹಾಗಾದರೆ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿದ್ದು ಹೇಗೆ? ರೌಟರ್ ಆಫ್ ಮಾಡಿದರೆ ಕೆಲವೊಮ್ಮೆ ನೆಟ್ ನಿಜಕ್ಕೂ ಚುರುಕಾಗುತ್ತದೆ. ಅದರ ಮೆಮೊರಿ ಖಾಲಿಯಾಗುತ್ತದೆ, ಅಕ್ಕಪಕ್ಕದ ವೈಫೈಗಳ ಗದ್ದಲ ಕಡಿಮೆ ಇರುವ ಚಾನೆಲ್ ಅನ್ನು ಅದು ಆರಿಸಿಕೊಳ್ಳಬಹುದು, ಸಿಕ್ಕಿಬಿದ್ದಿದ್ದ ಹಳೆಯ ಸಂಪರ್ಕಗಳೆಲ್ಲ ಕಡಿದು ಹೋಗುತ್ತವೆ. ಕೆಲಸ ಮಾಡಿದ್ದು ರೀಸ್ಟಾರ್ಟ್, ಹೆಸರು ಬಂದದ್ದು ಹೊಸ ಐಪಿಗೆ.

ಅಷ್ಟಕ್ಕೂ ಐಪಿ ಯಾಕೆ ಬದಲಾಗಬೇಕು? ಅದಕ್ಕೂ ನಮ್ಮ ಡೇಟಾ, ಸ್ಪೀಡ್‌ಗೂ ಏನು ಸಂಬಂಧ? ನಮ್ಮ ಪ್ರಾಜೆಕ್ಟ್, ಆನ್‌ಲೈನ್ ಪರೀಕ್ಷೆ, ಕೊನೆಗೆ ಪೊಲೀಸ್ ಠಾಣೆಯವರೆಗೂ ಚಾಚಿಕೊಳ್ಳುವ ವಿಷಯ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ತಟ್ಟೆ ಕಡಿಮೆ, ಉಣ್ಣುವವರು ಹೆಚ್ಚು

ಇಂಟರ್‌ನೆಟ್‌ಗೆ ಸೇರುವ ಪ್ರತಿ ಸಾಧನಕ್ಕೂ ಒಂದು ವಿಳಾಸ ಬೇಕು. ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ಈ ವಿಳಾಸ 32 ಬಿಟ್‌ನದು. ಅಂದರೆ ಒಟ್ಟು ಸಾಧ್ಯವಿರುವುದು 429,49,67,296 ವಿಳಾಸಗಳು. ಜಗತ್ತಿನ ಜನಸಂಖ್ಯೆಗಿಂತ ಕಡಿಮೆ. ಅದರಲ್ಲೂ ಒಂದಷ್ಟು ಭಾಗ ವಿಶೇಷ ಬಳಕೆಗೆ ಮೀಸಲು.

ಈ ವಿಳಾಸಗಳ ಕಣಜ 2011ರ ಫೆಬ್ರುವರಿ 3ರಂದೇ ಬರಿದಾಯಿತು. ಅಂದು ಜಾಗತಿಕ ಹಂಚಿಕೆ ಸಂಸ್ಥೆಯಾದ ಐಎಎನ್‌ಎ ತನ್ನಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಂತೆಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿಬಿಟ್ಟಿತು. ನಮ್ಮ ಏಷ್ಯಾ–ಪೆಸಿಫಿಕ್ ಭಾಗವನ್ನು ನೋಡಿಕೊಳ್ಳುವ ಎಪಿನಿಕ್ ಸಂಸ್ಥೆ ಅದೇ ವರ್ಷ ಏಪ್ರಿಲ್‌ನಿಂದ ತನ್ನ ಕೊನೆಯ ಕಂತೆಯನ್ನು ಅಳೆದು ತೂಗಿ ಕೊಡತೊಡಗಿತು. ಆ ಕಂತೆಯಿಂದ ಒಬ್ಬ ಸದಸ್ಯರಿಗೆ ಹೆಚ್ಚೆಂದರೆ 1,024 ವಿಳಾಸ. 2019ರಿಂದ ಅದೂ 512ಕ್ಕೆ ಇಳಿಯಿತು. ತಾಲ್ಲೂಕು ಕೇಂದ್ರದಲ್ಲಿ ಐದು ಸಾವಿರ ಮನೆಗೆ ಫೈಬರ್ ಎಳೆಯಲು ಹೊರಟ ಹೊಸ ಸಂಸ್ಥೆಯೊಂದು 512 ವಿಳಾಸ ಇಟ್ಟುಕೊಂಡು ಏನು ಮಾಡಬೇಕು?

ಮದುವೆ ಮನೆಯಲ್ಲಿ ಮಾಡುವುದನ್ನೇ. ಸಾವಿರ ಜನ ಬಂದಿದ್ದಾರೆಂದು ಯಾರೂ ಸಾವಿರ ಎಲೆಯನ್ನು ಒಟ್ಟಿಗೆ ಹಾಕುವುದಿಲ್ಲ. ಪಂಕ್ತಿಯ ಮೇಲೆ ಪಂಕ್ತಿ. ಎದ್ದವರ ಜಾಗದಲ್ಲಿ ಮತ್ತೊಬ್ಬರು. ಇದೇ ಡೈನಾಮಿಕ್ ಐಪಿಯ ಮೂಲ ಉಪಾಯ. ಇದನ್ನು ನಿಭಾಯಿಸುವ ಡಿಎಚ್‌ಸಿಪಿ ಎಂಬ ನಿಯಮಾವಳಿಯ ಈಗ ಬಳಕೆಯಲ್ಲಿರುವ ರೂಪ 1997ರದು. ನಾಲ್ಕು ಮಾತಿನ ಸಂಭಾಷಣೆ ಅದು. ‘ವಿಳಾಸ ಕೊಡುವವರು ಯಾರಾದರೂ ಇದ್ದೀರಾ?’ ಎಂದು ರೌಟರ್ ಕೂಗುತ್ತದೆ. ‘ಇದು ಆಗಬಹುದೇ?’ ಎಂದು ಸರ್ವರ್ ಕೇಳುತ್ತದೆ. ‘ಅದನ್ನೇ ಕೊಡಿ’ ಎನ್ನುತ್ತದೆ ರೌಟರ್. ‘ತೆಗೆದುಕೊ, ಇಷ್ಟು ಹೊತ್ತು ನಿನ್ನದು’ ಎಂದು ಸರ್ವರ್ ಮಾತು ಮುಗಿಸುತ್ತದೆ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಡ್ಜ್: ಕ್ಯಾಂಪಸ್ ಸಂದರ್ಶನಕ್ಕೆ ಹೋಗುವವರು ‘ಡೋರಾ’ ಎಂದು ಬಾಯಿಪಾಠ ಮಾಡುವುದು ಇದನ್ನೇ.

ಕೊನೆಯ ಮಾತಿನಲ್ಲಿರುವ ‘ಇಷ್ಟು ಹೊತ್ತು’ ಎಂಬುದೇ ಇಲ್ಲಿ ಮುಖ್ಯ. ವಿಳಾಸ ಸಿಗುವುದು ಬಾಡಿಗೆಗೆ, ಸ್ವಂತಕ್ಕಲ್ಲ. ಬಾಡಿಗೆಯ ಅವಧಿ ಅರ್ಧ ಕಳೆದಾಗ ರೌಟರ್ ತಾನೇ ನವೀಕರಣ ಕೇಳುತ್ತದೆ. ಸಾಮಾನ್ಯವಾಗಿ ಅದೇ ವಿಳಾಸ ಮುಂದುವರಿಯುತ್ತದೆ. ರೌಟರ್ ಬಹಳ ಹೊತ್ತು ಆಫ್ ಆಗಿದ್ದರೆ ಆ ವಿಳಾಸ ಮತ್ತೊಬ್ಬರ ಪಾಲಾಗಬಹುದು.

ಲೆಕ್ಕ ಬರೆಯುವುದು ಎಲ್ಲಿ?

ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ಉದ್ದವಾದಾಗ ಚೀಟಿಯಲ್ಲಿ ನಂಬರ್ ಬರೆದು ಕೊಡುವುದನ್ನು ನೀವು ನೋಡಿರುತ್ತೀರಿ. ಈ ತಿಂಗಳು ಅಮ್ಮನಿಗೆ 14ನೇ ಟೋಕನ್ ಸಿಕ್ಕಿದರೆ ಮುಂದಿನ ತಿಂಗಳು 63ನೆಯದು ಸಿಗಬಹುದು. ಟೋಕನ್ ಯಾವುದಾದರೇನು, ಅಕ್ಕಿ ಸಿಗುವುದು ಕಾರ್ಡಿನಲ್ಲಿರುವ ಲೆಕ್ಕದಷ್ಟೇ. ಐಪಿ ವಿಳಾಸ ಆ ಟೋಕನ್ ಇದ್ದಂತೆ. ರೇಷನ್ ಕಾರ್ಡ್ ಎಂದರೆ ನಿಮ್ಮ ಖಾತೆ.

ಫೈಬರ್ ಕನೆಕ್ಷನ್ ಹಾಕುವಾಗ ಟೆಕ್ನೀಷಿಯನ್ ರೌಟರ್‌ನಲ್ಲಿ ಒಂದು ಯೂಸರ್‌ನೇಮ್, ಪಾಸ್‌ವರ್ಡ್ ತುಂಬುವುದನ್ನು ಗಮನಿಸಿದ್ದೀರಾ? ರೌಟರ್ ಆನ್ ಆದೊಡನೆ ಅದನ್ನು ಸಂಸ್ಥೆಯ ಕಡೆಗೆ ಕಳಿಸುತ್ತದೆ. ಅಲ್ಲಿ ರೇಡಿಯಸ್ ಎಂಬ ಸರ್ವರ್ ಇರುತ್ತದೆ. ‘ಈ ಗ್ರಾಹಕ ನಮ್ಮವರೇ? ಬಿಲ್ ಕಟ್ಟಿದ್ದಾರೆಯೇ? ಎಷ್ಟು ಸ್ಪೀಡಿನ ಪ್ಲ್ಯಾನ್?’ ಎಂದು ನೋಡಿ ಒಳಗೆ ಬಿಡುವುದು ಅದೇ. ಅಲ್ಲಿಂದಾಚೆಗೆ ನೀವು ಇಳಿಸಿಕೊಂಡ, ಕಳಿಸಿದ ಬೈಟ್‌ಗಳ ಲೆಕ್ಕ ಆಗಾಗ ಅಲ್ಲಿಗೆ ತಲುಪಿ, ನಿಮ್ಮ ಯೂಸರ್‌ನೇಮ್ ಎದುರಿಗೆ ದಾಖಲಾಗುತ್ತದೆ. ಕೆಲವು ಕಡೆ ಯೂಸರ್‌ನೇಮ್ ಇರುವುದಿಲ್ಲ. ನಿಮ್ಮ ಲೈನ್ ಯಾವ ಪೋರ್ಟಿನಿಂದ ಬಂದಿದೆ ಎಂಬುದರ ಮೇಲೆ ಗುರುತಿಸುತ್ತಾರೆ. ಮೊಬೈಲ್‌ನಲ್ಲಾದರೆ ಸಿಮ್ ಕಾರ್ಡೇ ಗುರುತು. ಫ್ಲೈಟ್ ಮೋಡ್ ಹಾಕಿ ತೆಗೆದರೆ ಐಪಿ ಬದಲಾಗಬಹುದು, ದಿನದ 1.5 ಜಿಬಿ ಮರಳಿ ಬರುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ರೇಡಿಯಸ್‌ನ ಬೈಟ್ ಲೆಕ್ಕದ ಕೋಷ್ಟಕವೂ ಮೊದಲಿಗೆ 32 ಬಿಟ್‌ನದೇ ಆಗಿತ್ತು. ಹಳೆಯ ಸ್ಕೂಟರ್‌ನ ಮೀಟರ್ ತುಂಬಿ ಮತ್ತೆ ಸೊನ್ನೆಗೆ ಬರುವಂತೆ, 4 ಜಿಬಿ ದಾಟಿದೊಡನೆ ಅದೂ ಸೊನ್ನೆಗೆ ಮರಳುತ್ತಿತ್ತು. ಎಷ್ಟು ಸಲ ಹೀಗೆ ತಿರುಗಿತು ಎಂದು ಎಣಿಸಲು ‘ಗಿಗಾವರ್ಡ್ಸ್’ ಎಂಬ ಇನ್ನೊಂದು ಕೋಷ್ಟಕವನ್ನು 2000ದಲ್ಲಿ ಸೇರಿಸಿದರು. ವಿಳಾಸಕ್ಕೂ ಲೆಕ್ಕಕ್ಕೂ ಒಂದೇ ಸಂಖ್ಯೆ ಗೋಡೆಯಾಗಿ ನಿಂತಿತ್ತು ನೋಡಿ.

ಮೂರು ದಿನದ ‘ಅನ್‌ಲಿಮಿಟೆಡ್’

ಹಾಗಾದರೆ ಬ್ಯಾಂಡ್‌ವಿಡ್ತ್ ಹಂಚುವುದು ಹೇಗೆ? ನಮ್ಮ ಬೀದಿಗಳಲ್ಲಿ ಸಾಮಾನ್ಯವಾಗಿರುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಒಂದು ಎಳೆ ಫೈಬರ್‌ನಲ್ಲಿ ಕೆಳಮುಖವಾಗಿ ಸುಮಾರು 2.5 ಜಿಬಿಪಿಎಸ್ ಹರಿಯುತ್ತದೆ. ಆ ಎಳೆಯನ್ನು ಸ್ಪ್ಲಿಟರ್ ಹಾಕಿ 32 ಅಥವಾ 64 ಮನೆಗೆ ಒಡೆಯುತ್ತಾರೆ. 64 ಮನೆಗೂ 100 ಎಂಬಿಪಿಎಸ್ ಪ್ಲ್ಯಾನ್ ಮಾರಿದರೆ ಒಟ್ಟು 6.4 ಜಿಬಿಪಿಎಸ್. ಇರುವುದು ಎರಡೂವರೆ. ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಎಳೆದರೆ ತಲಾ 39 ಎಂಬಿಪಿಎಸ್ ಆಸುಪಾಸು ಸಿಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ನಾನು ಪಿಡಿಎಫ್ ಓದುತ್ತಿರುವಾಗ ನೆಟ್ ಸುಮ್ಮನಿರುತ್ತದೆ. ಆ ಹೊತ್ತಿನ ನನ್ನ ಪಾಲು ಪಕ್ಕದ ಮನೆಯ ಸಿನಿಮಾಕ್ಕೆ ಹೋಗುತ್ತದೆ. ತೊಂದರೆ ಆಗುವುದು ಐಪಿಎಲ್ ಪಂದ್ಯದ ಕೊನೆಯ ಓವರ್‌ನಲ್ಲಿ.

ಇದನ್ನು ಕಾಯಲು ಸಂಸ್ಥೆಗಳ ಬಳಿ ಎರಡು ಹತ್ಯಾರಗಳಿವೆ. ಮೊದಲನೆಯದು ವೇಗಕ್ಕೆ ಕಟ್ಟುವ ಕಡಿವಾಣ. ತೂತಿನ ಬಕೆಟ್ಟಿಗೆ ನೀರು ಎಷ್ಟೇ ರಭಸವಾಗಿ ಸುರಿದರೂ ಕೆಳಗೆ ಬೀಳುವುದು ತೂತಿನ ಅಳತೆಯಷ್ಟೇ. ನಮ್ಮ ಪಠ್ಯದ ‘ಲೀಕಿ ಬಕೆಟ್’ ಇದೇ. ಎರಡನೆಯದು ಎಫ್‌ಯುಪಿ, ಅಂದರೆ ನ್ಯಾಯಯುತ ಬಳಕೆಯ ಮಿತಿ. ಹಲವು ‘ಅನ್‌ಲಿಮಿಟೆಡ್’ ಫೈಬರ್ ಪ್ಲ್ಯಾನ್‌ಗಳ ಷರತ್ತಿನಲ್ಲಿ ತಿಂಗಳಿಗೆ 3,300 ಜಿಬಿ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ಒಂದು ಲೆಕ್ಕ ಹಾಕಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12.5 ಎಂಬಿ. ಈ ವೇಗದಲ್ಲಿ ನಿಲ್ಲಿಸದೆ ಇಳಿಸಿದರೆ 3,300 ಜಿಬಿ ಮುಗಿಯಲು 73 ಗಂಟೆ ಸಾಕು. ಮೂರು ದಿನ ಚಿಲ್ಲರೆ. ಅಂದರೆ ತಿಂಗಳ ಹತ್ತರಲ್ಲಿ ಒಂದು ಭಾಗದಷ್ಟೇ ಪೂರ್ತಿ ವೇಗ. ಸಾಮಾನ್ಯ ಮನೆಗೆ ಇದು ಬೇಕಾದಷ್ಟಾಯಿತು. ಆದರೆ ಇಪ್ಪತ್ತು ಹುಡುಗರು ಹಂಚಿಕೊಳ್ಳುವ ಪಿಜಿಗೆ ತಲಾ ಬರುವುದು 165 ಜಿಬಿ, ದಿನಕ್ಕೆ ಐದೂವರೆ. ತಿಂಗಳ ಕೊನೆಯ ವಾರ ಪಿಜಿಯ ನೆಟ್ ಯಾಕೆ ತೆವಳುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮಿತಿ ಮುಗಿದ ಮೇಲೂ ಬ್ರಾಡ್‌ಬ್ಯಾಂಡ್ ವೇಗವನ್ನು 512 ಕೆಬಿಪಿಎಸ್‌ಗಿಂತ ಕೆಳಗಿಳಿಸಬಾರದು ಎಂದು ಟ್ರಾಯ್ 2016ರಲ್ಲಿ ಸೂಚಿಸಿತ್ತು. ಕನಿಷ್ಠ 2 ಎಂಬಿಪಿಎಸ್ ಇದ್ದರೆ ಮಾತ್ರ ಅದು ಬ್ರಾಡ್‌ಬ್ಯಾಂಡ್ ಎಂಬ ವ್ಯಾಖ್ಯೆ 2023ರಲ್ಲಿ ಬಂತು. ಪ್ಲ್ಯಾನ್ ಕೊಳ್ಳುವಾಗ ಜಾಹೀರಾತಿನ ದೊಡ್ಡ ಅಂಕಿಗಿಂತ ‘ಮಿತಿಯ ನಂತರದ ವೇಗ’ ಎಂಬ ಸಾಲನ್ನು ಮೊದಲು ಓದಬೇಕು ಎನ್ನುವುದು ಇದಕ್ಕೇ.

‘ಎಲ್ಲಿಂದ ತರ್ಲಿ ತಮ್ಮಾ?’

ಡೈನಾಮಿಕ್ ಐಪಿಯ ಉಪಾಯ ಡಯಲ್‌ಅಪ್ ಕಾಲಕ್ಕೆ ಸರಿಯಾಗಿ ಹೊಂದುತ್ತಿತ್ತು. ಅರ್ಧ ಗಂಟೆ ನೆಟ್ ನೋಡಿ ಫೋನ್ ಇಡುತ್ತಿದ್ದ ಕಾಲ ಅದು. ಈಗ ರೌಟರ್ ಹಗಲೂ ರಾತ್ರಿ ಆನ್. ಉಂಡವರು ಎಲೆ ಬಿಟ್ಟು ಏಳುವುದೇ ಇಲ್ಲ. ಹಾಗಾಗಿ ಸಂಸ್ಥೆಗಳು ಒಂದೇ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಹಲವು ಮನೆಗೆ ಹಂಚತೊಡಗಿದವು. ಇದರ ಹೆಸರು ಸಿಜಿನ್ಯಾಟ್.

ಇದರ ಬಿಸಿ ನಮಗೆ ತಟ್ಟಿದ್ದು ಮಿನಿ ಪ್ರಾಜೆಕ್ಟ್‌ನಲ್ಲಿ. ನಮ್ಮೂರಿನ ತೆಂಗಿನ ತೋಟದಲ್ಲಿ ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್ ಇಟ್ಟು, ಮನೆಯ ರಾಸ್ಪ್‌ಬೆರಿ ಪೈಗೆ ಜೋಡಿಸಿ, ಕಾಲೇಜಿನ ಲ್ಯಾಬ್‌ನಿಂದ ಅದನ್ನು ತೆರೆದು ನೋಡುವುದು ನಮ್ಮ ಯೋಜನೆ. ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಲ್ಲ ಸರಿಯಾಗಿತ್ತು. ಆದರೂ ಲ್ಯಾಬ್‌ನಿಂದ ಸಂಪರ್ಕ ಸಿಗಲಿಲ್ಲ. ರೌಟರ್‌ನ ಪುಟ ತೆರೆದು ನೋಡಿದರೆ ವಿಳಾಸ 100.78 ಎಂದು ಶುರುವಾಗುತ್ತಿತ್ತು. ‘ನನ್ನ ಐಪಿ ಯಾವುದು’ ಎಂದು ಹೊರಗಿನ ತಾಣದಲ್ಲಿ ಕೇಳಿದರೆ ಅದು ತೋರಿಸಿದ ವಿಳಾಸವೇ ಬೇರೆ.

ಊರಿನಲ್ಲಿ ಲೈನ್ ಕೊಟ್ಟಿರುವ ಕೇಬಲ್ ಅಣ್ಣನಿಗೆ ಫೋನ್ ಮಾಡಿದೆ.

‘ಅಣ್ಣಾ, ನಮ್ಮನೆ ಲೈನಿಗೆ ಪಬ್ಲಿಕ್ ಐಪಿ ಇಲ್ವಾ?’

‘ಎಲ್ಲಿಂದ ತರ್ಲಿ ತಮ್ಮಾ? ಎರಡು ಸಾವಿರ ಮನೆ ಇದಾವೆ. ನನ್ನ ಹತ್ರ ಇರೋದು ಇನ್ನೂರೈವತ್ತು ಐಪಿ. ಒಂದೊಂದ್ರಲ್ಲಿ ಎಂಟೆಂಟು ಮನೆ ಕೂರ್ಸಿದೀನಿ. ನಿಂಗೊಬ್ಬಂಗೇ ಬೇಕಂದ್ರೆ ಸ್ಟ್ಯಾಟಿಕ್ ತಗೋ, ಬೇರೆ ದುಡ್ಡಾಗುತ್ತೆ.’

ಎರಡು ವಾರದ ಪಾಠ ನಾಲ್ಕು ವಾಕ್ಯದಲ್ಲಿ ಮುಗಿಯಿತು. 100.64ರಿಂದ 100.127ರವರೆಗೆ ಶುರುವಾಗುವ ಸುಮಾರು 42 ಲಕ್ಷ ವಿಳಾಸಗಳನ್ನು 2012ರಲ್ಲಿ ಈ ಒಳಹಂಚಿಕೆಗೆಂದೇ ಮೀಸಲಿಟ್ಟಿದ್ದಾರೆ. ಇವು ಸಂಸ್ಥೆಯ ಗೋಡೆಯೊಳಗೆ ಮಾತ್ರ ಸಲ್ಲುತ್ತವೆ. ಹೊರಗೆ ಹೋಗುವಾಗ ಎಂಟು ಮನೆಯವರೂ ಒಂದೇ ವಿಳಾಸದ ಬಾಗಿಲಿನಿಂದ ಹೋಗುತ್ತಾರೆ. ಯಾರ ಉತ್ತರ ಯಾರಿಗೆ ಎಂದು ಗುರುತಿಸುವುದು ಪೋರ್ಟ್ ಸಂಖ್ಯೆಯಿಂದ. ಒಂದು ವಿಳಾಸಕ್ಕೆ 65,536 ಪೋರ್ಟ್‌ಗಳು. ಮೊದಲ 1,024 ಬಿಟ್ಟು ಉಳಿದದ್ದನ್ನು 64 ಮನೆಗೆ ಹಂಚಿದರೆ ತಲಾ 1,008. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ಮನೆತುಂಬ ಫೋನ್ ಇದ್ದರೆ ಅದೂ ಸಾಲದೆ ಹೋಗಬಹುದು. ಸ್ಪೀಡ್ ಟೆಸ್ಟ್ ಚೆನ್ನಾಗಿ ಬಂದರೂ ಕೆಲವು ಪುಟಗಳ ಚಿತ್ರ ಮಾತ್ರ ತೆರೆದುಕೊಳ್ಳದಿರುವುದಕ್ಕೆ ಇದೂ ಒಂದು ಕಾರಣ.

ಒಳಗಿನಿಂದ ಹೊರಗೆ ಹೋದ ಸಂಪರ್ಕಕ್ಕೆ ಉತ್ತರ ಬರುತ್ತದೆ. ಹೊರಗಿನಿಂದ ತಾನಾಗಿ ಬಂದದ್ದಕ್ಕೆ ಯಾವ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದು. ಆದ್ದರಿಂದ ನಾವು ದಿಕ್ಕು ತಿರುಗಿಸಿದೆವು. ತೋಟದ ಪೈ ತಾನೇ ಐದು ನಿಮಿಷಕ್ಕೊಮ್ಮೆ ಹೊರಗಿನ ಕ್ಲೌಡ್ ಸರ್ವರ್‌ಗೆ ಅಂಕಿಗಳನ್ನು ಕಳಿಸುವಂತೆ ಮಾಡಿದೆವು. ಲ್ಯಾಬ್‌ನಿಂದ ನೋಡುವುದು ಆ ಸರ್ವರನ್ನು. ಸ್ಟ್ಯಾಟಿಕ್ ಐಪಿಯ ದುಡ್ಡೂ ಉಳಿಯಿತು. ಪ್ರಾಜೆಕ್ಟ್ ಮಾಡುತ್ತಿರುವವರು ಈ ದಾರಿಯನ್ನು ಮೊದಲೇ ಯೋಚಿಸಿಕೊಳ್ಳಬಹುದು.

ಒಂದು ಅಂಕಿ, ಐವತ್ತು ದಿನ ಜೈಲು

ಇಷ್ಟು ಹೊತ್ತು ಹೇಳಿದ್ದು ಅನುಕೂಲ, ಅನನುಕೂಲದ ಮಾತು. ಇದಕ್ಕಿಂತ ದೊಡ್ಡದೊಂದಿದೆ.

2007ರ ಆಗಸ್ಟ್ 31ರಂದು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಪುಣೆ ಪೊಲೀಸರು ಬಂಧಿಸಿದರು. ಆರ್ಕುಟ್‌ನಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದ್ದಾರೆ ಎಂಬುದು ಆರೋಪ. ಅವರ ಮನೆಯವರೆಗೆ ಪೊಲೀಸರನ್ನು ಕರೆತಂದದ್ದು ಒಂದು ಐಪಿ ವಿಳಾಸ. ಆ ವಿಳಾಸ ಆ ಹೊತ್ತಿನಲ್ಲಿ ಅವರದಾಗಿರಲೇ ಇಲ್ಲ. ತಪ್ಪು ಗ್ರಾಹಕರ ಹೆಸರಿಗೆ ಅದು ಜೋಡಣೆಯಾಗಿತ್ತು. ಇದು ಹೊರಬಂದು ಅವರ ಬಿಡುಗಡೆಯಾಗುವ ಹೊತ್ತಿಗೆ ಅವರು ಐವತ್ತು ದಿನ ಜೈಲಿನಲ್ಲಿ ಕಳೆದಿದ್ದರು.

ಈ ಪ್ರಕರಣ ಓದಿದ ಮೇಲೆ ಡಿಎಚ್‌ಸಿಪಿ ನನಗೆ ಬರೀ ಐದು ಅಂಕದ ಪ್ರಶ್ನೆಯಾಗಿ ಉಳಿಯಲಿಲ್ಲ. ಬಾಡಿಗೆಗೆ ಸಿಗುವ ವಿಳಾಸ ಬೆಳಿಗ್ಗೆ ನನ್ನದು, ಸಂಜೆ ಇನ್ನೊಬ್ಬರದು. ‘ಈ ಐಪಿ ಯಾರದು?’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ‘ಯಾವ ದಿನ, ಯಾವ ಗಂಟೆ, ಯಾವ ಸೆಕೆಂಡಿನಲ್ಲಿ ಯಾರದು?’ ಎಂದು ಕೇಳಬೇಕು. ದಾಖಲೆಯ ಸಮಯ ಭಾರತದ್ದೋ, ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯೋ ಎಂಬುದೂ ಗೊತ್ತಿರಬೇಕು. ಸಿಜಿನ್ಯಾಟ್ ಇದ್ದರೆ ಅಷ್ಟೂ ಸಾಲದು. ಪೋರ್ಟ್ ಸಂಖ್ಯೆಯೂ ಬೇಕು. ಇಲ್ಲವಾದರೆ ಒಬ್ಬ ಮಾಡಿದ್ದಕ್ಕೆ ಅದೇ ವಿಳಾಸದಲ್ಲಿ ಕೂತಿರುವ ಅಷ್ಟೂ ಮನೆಗಳು ಶಂಕಿತರಾಗುತ್ತವೆ. ಎಲ್ಲ ಸಂಸ್ಥೆಗಳೂ ತಮ್ಮ ಕಂಪ್ಯೂಟರ್‌ಗಳ ಗಡಿಯಾರವನ್ನು ಎನ್ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು ಎಂದು ಸರ್ಟ್–ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿದೆ. ಗಡಿಯಾರ ಹೊಂದಿಸುವುದು ಎಷ್ಟು ಸಣ್ಣ ಕೆಲಸ, ಎಷ್ಟು ದೊಡ್ಡ ಜವಾಬ್ದಾರಿ!

ಸಣ್ಣ ಪ್ರಮಾಣದಲ್ಲಿ ಇದೇ ಅನುಭವ ನಮಗೆಲ್ಲ ಆಗುತ್ತಿರುತ್ತದೆ. ಅದೇ ವಿಳಾಸ ಹಂಚಿಕೊಂಡ ಯಾರೋ ಒಬ್ಬರು ಒಂದು ತಾಣಕ್ಕೆ ಕಾಟ ಕೊಟ್ಟರೆ ಆ ತಾಣ ಇಡೀ ವಿಳಾಸವನ್ನೇ ತಡೆಯುತ್ತದೆ. ಅರ್ಜಿ ಹಾಕುವ ಕೊನೆಯ ದಿನ ನಿಮ್ಮೆದುರು ಬಸ್ಸು, ಸಿಗ್ನಲ್ ದೀಪಗಳ ಚಿತ್ರ ಗುರುತಿಸುವ ಪರೀಕ್ಷೆ ಮತ್ತೆ ಮತ್ತೆ ಬರುತ್ತಿದ್ದರೆ ಕಾರಣ ನೀವೇ ಆಗಿರಬೇಕಿಲ್ಲ.

ನಾವೇನು ಮಾಡಬಹುದು?

ರೌಟರ್‌ನ ಪುಟದಲ್ಲಿರುವ ವಿಳಾಸವನ್ನೂ ಹೊರಗಿನ ತಾಣ ತೋರಿಸುವ ವಿಳಾಸವನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಆದರೆ ನಿಮ್ಮದು ನೇರ ಸಂಪರ್ಕ. ಬೇರೆಯಾದರೆ ನೀವು ಹಂಚಿಕೆಯಲ್ಲಿದ್ದೀರಿ. ಕಂಪನಿಯ ಆನ್‌ಲೈನ್ ಪರೀಕ್ಷೆ ಇದ್ದ ದಿನ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಆದರೆ ಪರೀಕ್ಷೆಯ ನಡುವೆ ನೆಟ್ ಬದಲಿಸಿದರೆ ಐಪಿ ಬದಲಾಗುತ್ತದೆ, ಕೆಲವು ವ್ಯವಸ್ಥೆಗಳು ಅದನ್ನು ಅನುಮಾನದಿಂದ ನೋಡುತ್ತವೆ. ಆದ್ದರಿಂದ ಸೂಚನೆಗಳನ್ನು ಮೊದಲೇ ಓದಿಕೊಳ್ಳಿ. ಪಿಜಿಯ ನೆಟ್ ನಿಧಾನವಾದರೆ ರೌಟರ್ ಸ್ವಿಚ್ ಒತ್ತುವ ಮುನ್ನ ಓನರ್ ಬಳಿ ಆ ತಿಂಗಳ ಬಳಕೆಯ ಅಂಕಿ ಕೇಳಿ.

ಶಾಶ್ವತ ಪರಿಹಾರ ಐಪಿವಿ6. ಅದು 128 ಬಿಟ್‌ನ ವಿಳಾಸ; ತಟ್ಟೆಯ ಬರ ಅಲ್ಲಿಲ್ಲ. ಇದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದು. 2016ರ ನಂತರ ಹಬ್ಬಿದ 4ಜಿ ಮೊಬೈಲ್ ಜಾಲಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ಮನೆಯ ರೌಟರ್‌ಗಳಲ್ಲಿ ಹಲವೆಡೆ ಅದು ಆಫ್ ಆಗಿಯೇ ಕೂತಿದೆ. ಕೇಬಲ್ ಆಫೀಸಿಗೆ ಫೋನ್ ಮಾಡಿ ‘ಐಪಿವಿ6 ಆನ್ ಮಾಡಿಕೊಡಿ’ ಎಂದು ಕೇಳಲು ದುಡ್ಡು ಬೇಕಿಲ್ಲ. ಹಾಗೆಂದು ಅದರಿಂದ ಸ್ಪೀಡ್ ಹೆಚ್ಚಾಗದು. ವಿಳಾಸ ಬೇರೆ, ಬ್ಯಾಂಡ್‌ವಿಡ್ತ್ ಬೇರೆ.

ನೆಟ್‌ವರ್ಕಿಂಗ್ ಕೆಲಸಕ್ಕೆ ಹೋಗುವ ನಮ್ಮಲ್ಲಿ ಕೆಲವರು ನಾಲ್ಕೈದು ವರ್ಷದಲ್ಲಿ ಇಂಥದ್ದೇ ಸಂಸ್ಥೆಯ ಲಾಗ್‌ಗಳ ಮುಂದೆ ಕೂತಿರುತ್ತೇವೆ. ಒಂದು ದಿನ ಪೊಲೀಸರಿಂದ ಪತ್ರ ಬರುತ್ತದೆ: ಈ ವಿಳಾಸ ಯಾರದು? ಅವತ್ತು ಹೆಸರು ಬರೆದು ಕಳಿಸುವ ಮುನ್ನ ದಿನಾಂಕ, ಸಮಯ, ಪೋರ್ಟ್ ಮೂರನ್ನೂ ಇನ್ನೊಮ್ಮೆ ನೋಡುವಷ್ಟು ತಾಳ್ಮೆ ನಮಗಿರಬೇಕು. ನಾವು ಬರೆದು ಕಳಿಸುವ ಆ ಹೆಸರಿನ ಮನೆಯಲ್ಲೂ ಅಪ್ಪ ಅಮ್ಮ ಇರುತ್ತಾರೆ.